ಮರೆಮ್ಮಾದ ಗುಡ್ಡ-ಕಡಲು: ಚೆಚಿನಾದಿಂದ ಒರ್ಬೆತೆಲ್ಲೊವರೆಗೆ ಆರು ದಿನದ ಸೈಕಲ್ ಮಾರ್ಗ

ಇಟಲಿಯ ಟಸ್ಕನಿ ಪ್ರಾಂತ್ಯದ ದಕ್ಷಿಣ ಕರಾವಳಿ ಮತ್ತು ಅದರ ಬೆನ್ನಿಗಿರುವ ಗುಡ್ಡನಾಡಿಗೆ ಮರೆಮ್ಮಾ ಎಂದು ಹೆಸರು. ಇಲ್ಲಿ ಆಲ್ಪ್ಸ್‌ನ ಘಾಟಿಗಳಂಥವು ಇಲ್ಲ. ಈ ಮಾರ್ಗದ ಅತಿ ಎತ್ತರದ ಊರಾದ ಸ್ಕನ್ಸಾನೊ ಕೂಡ ಸಮುದ್ರಮಟ್ಟದಿಂದ ಸುಮಾರು 500 ಮೀ. ಅಷ್ಟೆ. ಆದರೂ ನಕ್ಷೆಯಲ್ಲಿ 60 ಕಿ.ಮೀ. ನೋಡಿ ಊಟದ ಹೊತ್ತಿಗೆ ತಲುಪಬಹುದು ಎಂದು ಹೊರಟವರು ಸಂಜೆ ಸೈಕಲ್ ತಳ್ಳಿಕೊಂಡು ಊರು ಸೇರುವುದುಂಟು. ಇದಕ್ಕೆ ಕಾರಣ ನೆಲದ ರಚನೆ. ಚೆಚಿನಾ, ಕೊರ್ನಿಯಾ, ಬ್ರೂನಾ, ಒಂಬ್ರೊನೆ, ಅಲ್ಬೆನ್ಯಾ ನದಿಗಳು ಒಳನಾಡಿನಿಂದ ಕಡಲಿಗೆ ಹರಿಯುತ್ತವೆ. ಎರಡು ನದಿಗಳ ನಡುವೆ ಒಂದು ಗುಡ್ಡಸಾಲು, ಹಳೆಯ ಊರುಗಳೆಲ್ಲ ಆ ಸಾಲಿನ ನೆತ್ತಿಯಲ್ಲಿ. ನದಿಯ ಜತೆ ಸಾಗಿದರೆ ದಾರಿ ಸಲೀಸು. ಕರಾವಳಿಗೆ ಸಮಾನಾಂತರವಾಗಿ ಒಳನಾಡಿನಲ್ಲಿ ಸಾಗಿದರೆ ಪ್ರತಿ ಕಣಿವೆಗೂ ಇಳಿದು ಮತ್ತೆ ಏರಬೇಕು.

ಇದೇ ರಚನೆಯಿಂದ ಒಂದು ಅನುಕೂಲವೂ ಇದೆ. ಪೀಸಾ–ರೋಮ್ ರೈಲು ಹಳಿ ಉದ್ದಕ್ಕೂ ಕರಾವಳಿಯನ್ನೇ ಹಿಡಿದು ಸಾಗುತ್ತದೆ. ಕಾಲು ಸೋತರೆ, ಮಳೆ ಹಿಡಿದರೆ, ಸೈಕಲ್ ಕೆಟ್ಟರೆ, ಇರುವ ಕಣಿವೆಯಲ್ಲೇ ಕೆಳಗಿಳಿದರೆ ಒಂದಲ್ಲ ಒಂದು ನಿಲ್ದಾಣ ಸಿಗುತ್ತದೆ. ಸುವೆರೆತೊದಿಂದ ಕೊರ್ನಿಯಾ ಕಣಿವೆ ಹಿಡಿದರೆ ಕಂಪಿಲ್ಯಾ ಮರಿತ್ತಿಮಾ ನಿಲ್ದಾಣ, ಮಸ್ಸಾ ಮರಿತ್ತಿಮಾದಿಂದ ಫೊಲ್ಲೊನಿಕಾ, ಸ್ಕನ್ಸಾನೊದಿಂದ ಗ್ರೊಸ್ಸೆತೊ, ಸತೂರ್ನಿಯಾದಿಂದ ಅಲ್ಬೆನ್ಯಾ ಕಣಿವೆಯ ಮೂಲಕ ಒರ್ಬೆತೆಲ್ಲೊ. ಹೊರಡುವ ಮೊದಲೇ ಈ ನಾಲ್ಕು ಇಳಿದಾರಿಗಳನ್ನು ಫೋನಿನಲ್ಲಿ ಬೇರೆ ಬೇರೆ ಫೈಲ್‌ಗಳಾಗಿ ಉಳಿಸಿಕೊಳ್ಳಿ.

ದಿನದ ಲೆಕ್ಕ

ಬ್ಯಾಗು ಹೇರಿದ ಸೈಕಲ್‌ಗೆ ಈ ಸೂತ್ರ ಸಾಕು: ದೂರವನ್ನು 18ರಿಂದ ಭಾಗಿಸಿ, ಬಂದ ಗಂಟೆಗೆ ಪ್ರತಿ 100 ಮೀ. ಏರಿಗೆ 10 ನಿಮಿಷ ಕೂಡಿಸಿ. 60 ಕಿ.ಮೀ. ದೂರ, 1,000 ಮೀ. ಏರು ಇದ್ದರೆ 3 ಗಂಟೆ 20 ನಿಮಿಷಕ್ಕೆ 1 ಗಂಟೆ 40 ನಿಮಿಷ ಸೇರಿ 5 ಗಂಟೆ. ಇದು ಬರೀ ಪೆಡಲ್ ತುಳಿಯುವ ಸಮಯ. ನೀರು, ಊಟ, ದಾರಿ ಹುಡುಕಾಟಕ್ಕೆ ಇದರ ಮೂರನೇ ಒಂದು ಭಾಗ ಸೇರಿಸಿದರೆ ಆರೂವರೆಯಿಂದ ಏಳು ಗಂಟೆ ಆಗುತ್ತದೆ. ಗುಡ್ಡದ ಅಭ್ಯಾಸ ಇಲ್ಲದವರು ಮೊದಲ ಎರಡು ದಿನ ಏರನ್ನು 800 ಮೀ. ಒಳಗಿಟ್ಟುಕೊಳ್ಳುವುದು ಒಳ್ಳೆಯದು.

ದಾರಿ ತೋರಿಸುವ ಆ್ಯಪ್ ಹೇಳುವ ಒಟ್ಟು ಏರನ್ನು ಅಂದಾಜು ಎಂದೇ ತಿಳಿಯಿರಿ. ಸರಾಸರಿ ಇಳಿಜಾರನ್ನಂತೂ ನಂಬಲೇಬೇಡಿ. ಸರಾಸರಿ 5 ಪ್ರತಿಶತ (100 ಮೀ. ದೂರಕ್ಕೆ 5 ಮೀ. ಏರು) ಎಂದು ತೋರಿಸುವ ರಸ್ತೆ ಮೂರು ಕಿ.ಮೀ. ನಿಧಾನಕ್ಕೆ ಏರಿ, ಊರಿನ ಗೋಡೆ ಕಾಣುವ ಹೊತ್ತಿಗೆ 12 ಪ್ರತಿಶತಕ್ಕೆ ಎದ್ದು ನಿಲ್ಲುತ್ತದೆ. ಗುಡ್ಡದ ಮೇಲಿನ ಊರುಗಳಲ್ಲಿ ಕೊನೆಯ ಕಿಲೋಮೀಟರೇ ಕಡಿದು, ಮೇಲಾಗಿ ಕೋಟೆ ಬಾಗಿಲ ಒಳಗೆ ಕಲ್ಲುಹಾಸು. ನೋಡಬೇಕಾದ್ದು ಏರಿನ ರೇಖಾಚಿತ್ರದ ಕೊನೆಯ ಭಾಗ.

ಯಾವಾಗ, ಯಾವ ದಿಕ್ಕಿಗೆ

ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಸರಿಯಾದ ಕಾಲ. ಆಗಸ್ಟ್ 15ರ ಫೆರ್ರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ಕರಾವಳಿಯ ರಸ್ತೆಗಳೂ ವಸತಿಗಳೂ ತುಂಬಿರುತ್ತವೆ. ಆ ಎರಡು ವಾರ ಬಿಟ್ಟುಬಿಡಿ. ಶರತ್ಕಾಲದಲ್ಲಿ ಕಾಡುಹಂದಿ ಬೇಟೆ ಶುರುವಾಗುತ್ತದೆ. ಕಾಡಿನ ಕಚ್ಚಾ ದಾರಿಗೆ ಹೋಗುವುದಿದ್ದರೆ ಮಂಗಳವಾರ, ಶುಕ್ರವಾರ ಇಟ್ಟುಕೊಳ್ಳಿ: ಇಟಲಿಯಾದ್ಯಂತ ಆ ಎರಡು ದಿನ ಬೇಟೆ ನಿಷಿದ್ಧ. ಉಳಿದ ದಿನಗಳಲ್ಲಿ ಡಾಂಬರು ರಸ್ತೆಯೇ ಕ್ಷೇಮ.

ಬಿಸಿಲಿನ ದಿನಗಳಲ್ಲಿ ಬೆಳಗಿನ ಹೊತ್ತು ಗಾಳಿ ಕಡಿಮೆ. ಹತ್ತು-ಹನ್ನೊಂದರ ಹೊತ್ತಿಗೆ ನೆಲ ಕಾದು ಕಡಲಗಾಳಿ ಒಳನಾಡಿನತ್ತ ಬೀಸತೊಡಗುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಆದ್ದರಿಂದ ಕಡಲಿನತ್ತ ಸಾಗುವ ದಾರಿಯನ್ನು ಬೆಳಿಗ್ಗೆ ಮುಗಿಸಬೇಕು. ಒಳನಾಡಿಗೆ ಹೋಗುವ ದಾರಿ ಮಧ್ಯಾಹ್ನಕ್ಕೆ ಉಳಿದರೂ ಗಾಳಿ ಬೆನ್ನಿಗಿರುತ್ತದೆ. ಜೂನ್ ಹತ್ತಿರವಾದಂತೆ ಈ ಲೆಕ್ಕ ಬದಲಾಗಬೇಕು. ಆಗ ಗಾಳಿಗಿಂತ ಬಿಸಿಲೇ ಹೆಚ್ಚು ಕಾಡುತ್ತದೆ, ದೊಡ್ಡ ಏರನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸುವುದೇ ಜಾಣತನ. ವಾಯವ್ಯದಿಂದ ಬೀಸುವ ಗಾಳಿಗೆ ಇಲ್ಲಿ ಮಯೆಸ್ತ್ರಾಲೆ ಎನ್ನುತ್ತಾರೆ. ಚೆಚಿನಾದಿಂದ ಆಗ್ನೇಯಕ್ಕೆ ಇಳಿಯುತ್ತಾ ಬಂದರೆ ಅದು ಬೆನ್ನಿಗೆ ಸಿಗುತ್ತದೆ. ಈ ಮಾರ್ಗವನ್ನು ಉತ್ತರದಿಂದ ದಕ್ಷಿಣಕ್ಕೆ ಹೇಳುತ್ತಿರುವುದು ಅದಕ್ಕೇ.

ಗೇರು, ಟೈರು, ಹೊರೆ

ಸವಾರ, ಸೈಕಲ್, ಬ್ಯಾಗು ಸೇರಿ 100 ಕೆ.ಜಿ. ಎಂದುಕೊಳ್ಳಿ. ಮುಂದೆ 34 ಹಲ್ಲು, ಹಿಂದೆ 34 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.7 ಕಿ.ಮೀ. 10 ಪ್ರತಿಶತದ ಏರಿನಲ್ಲಿ ಆ ವೇಗ ಹಿಡಿದಿಡಲು ಸುಮಾರು 225 ವ್ಯಾಟ್ ಬೇಕು. ದಿನವಿಡೀ ತುಳಿಯಬೇಕಾದವರಿಗೆ ಅದು ಅತಿಯಾಯಿತು. ಮುಂದೆ 26, ಹಿಂದೆ 36 ಇದ್ದರೆ ಅದೇ ಸುತ್ತಿಗೆ ವೇಗ 5.6 ಕಿ.ಮೀ.ಗೆ ಇಳಿಯುತ್ತದೆ, 170 ವ್ಯಾಟ್ ಸಾಕಾಗುತ್ತದೆ. ಮುಂದಿನ ಚಿಕ್ಕ ಚಕ್ರದ ಹಲ್ಲನ್ನು ಹಿಂದಿನ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬರಬೇಕು. ಸಾಮಾನ್ಯ ರೋಡ್ ಬೈಕ್‌ಗಳು 1ರ ಆಸುಪಾಸಿನಲ್ಲೇ ನಿಲ್ಲುತ್ತವೆ, ಮೊಣಕಾಲು ನೋವು ಶುರುವಾಗುವುದೂ ಅಲ್ಲಿಂದಲೇ.

ಹೊಸ ಗೇರು ಹಾಕಿಸುವಾಗ ಹೆಚ್ಚಿನವರು ಎಡವುವುದು ಹಿಂದಿನ ಡಿರೈಲರ್‌ನ, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗದ, ಸಾಮರ್ಥ್ಯದಲ್ಲಿ. ಮುಂದಿನ ಎರಡು ಚಕ್ರಗಳ ಹಲ್ಲಿನ ವ್ಯತ್ಯಾಸಕ್ಕೆ ಹಿಂದಿನ ಅತಿ ದೊಡ್ಡ, ಅತಿ ಚಿಕ್ಕ ಚಕ್ರಗಳ ವ್ಯತ್ಯಾಸ ಕೂಡಿಸಿ. 46/30 ಮುಂದೆ, 11–36 ಹಿಂದೆ ಎಂದರೆ 16 ಮತ್ತು 25 ಸೇರಿ 41. ನಿಮ್ಮ ಡಿರೈಲರ್‌ನ ಮಿತಿ 39 ಇದ್ದರೆ ಚಿಕ್ಕ-ಚಿಕ್ಕ ಜೋಡಿಯಲ್ಲಿ (ಮುಂದೆಯೂ ಹಿಂದೆಯೂ ಅತಿ ಚಿಕ್ಕ ಚಕ್ರ) ಚೈನ್ ಜೋತು ಬೀಳುತ್ತದೆ. ಜೋತು ಬೀಳದಿರಲೆಂದು ಚೈನ್ ಮೋಟು ಮಾಡಿದರೆ ಪರಿಣಾಮ ಇನ್ನೂ ಕೆಟ್ಟದ್ದು: ದೊಡ್ಡ-ದೊಡ್ಡ ಜೋಡಿಗೆ ಹಾಕಿದ ಕೂಡಲೇ ಚೈನ್ ಬಿಗಿದು ಡಿರೈಲರನ್ನೇ ಕಿತ್ತುಹಾಕಬಹುದು. ಚೈನ್ ಉದ್ದವನ್ನು ಯಾವಾಗಲೂ ದೊಡ್ಡ-ದೊಡ್ಡ ಜೋಡಿಗೆ ಅಳೆದೇ ಕತ್ತರಿಸಬೇಕು.

ಟೈರು 35ರಿಂದ 40 ಮಿ.ಮೀ. ಇರಲಿ. 38 ಮಿ.ಮೀ. ಟೈರಿಗೆ, 100 ಕೆ.ಜಿ. ಒಟ್ಟು ಭಾರಕ್ಕೆ, ಗಾಳಿಯ ಒತ್ತಡವನ್ನು ಹಿಂದೆ 3.2 ಬಾರ್, ಮುಂದೆ 2.8 ಬಾರ್‌ನಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ ಬಿಳಿ ಜಲ್ಲಿ ದಾರಿ ಬಂದಾಗ 0.3 ಇಳಿಸಬಹುದು. ಟ್ಯೂಬ್ ಹಾಕಿದವರು ಅಷ್ಟು ಇಳಿಸಬಾರದು, ಕಲ್ಲಿನ ಅಂಚಿಗೆ ಬಡಿದು ಟ್ಯೂಬ್ ಎರಡು ಕಡೆ ಸೀಳುತ್ತದೆ. ಕಡಲಂಚಿನ ಮರಳು ದಾರಿಗಳಲ್ಲಿ ನಮ್ಮ ನೆಗ್ಗಿಲು ಮುಳ್ಳು ಇಲ್ಲೂ ಇದೆ. ಪಂಕ್ಚರ್ ಆದಾಗ ಟ್ಯೂಬ್ ಮಾತ್ರ ಬದಲಿಸಿ ಹೊರಟರೆ ಹತ್ತು ನಿಮಿಷದಲ್ಲಿ ಮತ್ತೆ ಗಾಳಿ ಹೋಗುತ್ತದೆ, ಮುಳ್ಳು ಟೈರಿನೊಳಗೇ ಉಳಿದಿರುತ್ತದೆ. ಒಂದು ಬಟ್ಟೆಯನ್ನು ಟೈರಿನ ಒಳಮೈಗೆ ಸುತ್ತ ಎಳೆದು ನೋಡಿ, ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ.

ಹೊರೆ 10–12 ಕೆ.ಜಿ. ಮೀರಬಾರದು. ಎಲ್ಲವನ್ನೂ ಹಿಂದಕ್ಕೆ ಹೇರಿದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯುತ್ತದೆ. ಉಪಕರಣ, ಬಿಡಿಭಾಗದಂಥ ಭಾರದ ವಸ್ತುಗಳನ್ನು ಫ್ರೇಮ್ ಬ್ಯಾಗಿನಲ್ಲಿ ಕೆಳಗಿಡಿ. ಬಿಡಿಭಾಗಗಳಲ್ಲಿ ಮರೆಯಲೇಬಾರದ್ದು ಡಿರೈಲರನ್ನು ಫ್ರೇಮ್‌ಗೆ ಹಿಡಿದಿಡುವ, ನಿಮ್ಮ ಫ್ರೇಮ್‌ಗೇ ಹೊಂದುವ ಸಣ್ಣ ತುಂಡಾದ ಡಿರೈಲರ್ ಹ್ಯಾಂಗರ್. ಬೇರೆಲ್ಲ ಯಾವುದೋ ಅಂಗಡಿಯಲ್ಲಿ ಸಿಕ್ಕೀತು, ಅದೊಂದು ಸಿಗುವುದಿಲ್ಲ. ಎರಡು ಟ್ಯೂಬ್, ತುಂಡಾದ ಚೈನ್ ಜೋಡಿಸಲು ಎರಡು ಕ್ವಿಕ್ ಲಿಂಕ್, ಒಂದು ಜೊತೆ ಬ್ರೇಕ್ ಪ್ಯಾಡ್, ಒಂದು ಗೇರ್ ಕೇಬಲ್, ಟೈರ್ ಸೀಳಿದರೆ ಒಳಗಿಡಲು ಹಳೆಯ ಟೈರಿನ ತುಂಡು ಇಷ್ಟು ಸಾಕು. ಡಿಸ್ಕ್ ಪ್ಯಾಡ್‌ನ ಉಜ್ಜುವ ಪದರ 1 ಮಿ.ಮೀ. ಹತ್ತಿರ ಬಂದಿದ್ದರೆ ಹೊರಡುವ ಮೊದಲೇ ಬದಲಿಸಿ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವವರು ಮೊದಲು ಪರೀಕ್ಷಿಸಬೇಕಾದ್ದು ಬ್ರೇಕ್. ಇಟಲಿಯಲ್ಲಿ ಸಾಮಾನ್ಯವಾಗಿ ಎಡ ಲಿವರ್ ಮುಂದಿನ ಚಕ್ರದ್ದು, ಬಲ ಲಿವರ್ ಹಿಂದಿನದು. ನಮ್ಮಲ್ಲಿನ ರೂಢಿಗೆ ತದ್ವಿರುದ್ಧ. ಗಾಬರಿಯಲ್ಲಿ ಎಡಗೈ ಒತ್ತಿದರೆ ಮುಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಖಾಲಿ ಜಾಗದಲ್ಲಿ ಹದಿನೈದು ನಿಮಿಷ ಅಭ್ಯಾಸ ಮಾಡಿ, ಇಲ್ಲವೇ ಅಂಗಡಿಯಲ್ಲೇ ಅದಲು ಬದಲು ಮಾಡಿಸಿಕೊಳ್ಳಿ.

ಮಾರ್ಗ

ಪೀಸಾ ಸೆಂತ್ರಾಲೆಯಿಂದ ಪ್ರಾದೇಶಿಕ ರೈಲಿನಲ್ಲಿ ಚೆಚಿನಾಕ್ಕೆ ಒಂದು ಗಂಟೆಯೊಳಗೆ ಬರಬಹುದು. ಮೊದಲ ದಿನ ಬಿಬ್ಬೋನಾ ಕಡೆಯಿಂದ ಬೊಲ್ಗೆರಿ, ಅಲ್ಲಿಂದ ದ್ರಾಕ್ಷಿ ತೋಟಗಳ ನಡುವಿನ ವಿಯಾ ಬೊಲ್ಗೆರೇಸೆ ಹಿಡಿದು ಕಸ್ತಾನ್ಯೆತೊ ಕಾರ್ದುಚ್ಚಿ. 30 ಕಿ.ಮೀ. ಆಸುಪಾಸು, ಕೊನೆಯ ಏರು ಮಾತ್ರ ಗಟ್ಟಿ. ಊರು ಸುಮಾರು 190 ಮೀ. ಎತ್ತರದಲ್ಲಿದೆ. ಸಾನ್ ಗ್ವಿದೊದಿಂದ ಬೊಲ್ಗೆರಿಗೆ ಸುಮಾರು 5 ಕಿ.ಮೀ. ನೇರಕ್ಕೆ ಹಾಯುವ ಸೈಪ್ರಸ್ ಸಾಲುಮರದ ರಸ್ತೆ ಬಹಳ ಪ್ರಸಿದ್ಧ, ನೋಡಲು ಸೊಗಸೇ. ಆದರೆ ಕಾರುಗಳೂ ಫೋಟೊಗೆ ನಿಲ್ಲುವವರೂ ಹೆಚ್ಚು. ಬೆಳಿಗ್ಗೆ ಎಂಟರೊಳಗೆ ಆಗದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಎರಡನೆಯ ದಿನದ್ದು ಇಡೀ ಮಾರ್ಗದ ಅತ್ಯುತ್ತಮ ರಸ್ತೆ: ಕಸ್ತಾನ್ಯೆತೊದಿಂದ ಕಾಡಿನೊಳಗೆ ತಿರುವು ತಿರುವಾಗಿ ಸಸ್ಸೆತ್ತಾಕ್ಕೆ ಏರಿ, ಅಲ್ಲಿಂದ ಸುವೆರೆತೊಗೆ ಇಳಿಯುತ್ತದೆ. ಏರು ಉದ್ದ, ಆದರೆ ಸೌಮ್ಯ, ನೆರಳೂ ಇದೆ. ಇದೇ ತಿರುವುಗಳನ್ನು ಹುಡುಕಿಕೊಂಡು ಶನಿವಾರ, ಭಾನುವಾರ ಮೋಟಾರ್‌ಬೈಕಿನವರು ಬರುತ್ತಾರೆ. ವಾರದ ನಡುವಿನ ದಿನಕ್ಕೆ ಈ ಹಂತ ಬೀಳುವಂತೆ ಹೊರಡುವ ದಿನ ಗೊತ್ತುಮಾಡಿಕೊಳ್ಳಿ. ಸುವೆರೆತೊದಲ್ಲಿ ಊಟ ಮಾಡಿ, ಕೊರ್ನಿಯಾ ಕಣಿವೆ ದಾಟಿ, ಮಸ್ಸಾ ಮರಿತ್ತಿಮಾಕ್ಕೆ. ಹೆಸರಿನಲ್ಲಿ ಕಡಲಿದ್ದರೂ ಊರು ಕಡಲಿನಿಂದ ಸುಮಾರು 20 ಕಿ.ಮೀ. ಒಳಗೆ, 380 ಮೀ. ಎತ್ತರದಲ್ಲಿದೆ. ದಣಿದ ಕಾಲಿಗೆ ಆ ಏರು ಕೊನೆಯಲ್ಲಿ ಬರುತ್ತದೆ, ಅರ್ಧ ಬಾಟಲಿ ನೀರು ಅದಕ್ಕೆಂದೇ ಉಳಿಸಿಕೊಂಡಿರಿ.

ಮೂರನೆಯ ದಿನ ಕಾಲಿಗೆ ಬಿಡುವು. ಫೊಲ್ಲೊನಿಕಾಕ್ಕೆ ಇಳಿದು, ಪಿಯಾನ್ ದಾಲ್ಮಾ ಮೂಲಕ ಕಸ್ತಿಲ್ಯೊನೆ ದೆಲ್ಲಾ ಪೆಸ್ಕಾಯಾ, ಅಲ್ಲಿಂದ ಪೈನ್ ತೋಪಿನೊಳಗಿನ ಸೈಕಲ್ ಪಥದಲ್ಲಿ ಮರೀನಾ ದಿ ಗ್ರೊಸ್ಸೆತೊ, ಕೊನೆಗೆ ಗ್ರೊಸ್ಸೆತೊ. ಒಟ್ಟು 70 ಕಿ.ಮೀ. ಸುಮಾರು, ಹೆಚ್ಚಿನಂಶ ಸಮತಟ್ಟು. ಈ ದಾರಿಯಲ್ಲಿ ಬರುವ ಎಸ್‌ಪಿ 158 (ಎಸ್‌ಪಿ ಎಂದರೆ ಜಿಲ್ಲಾ ರಸ್ತೆ) ರಸ್ತೆಯಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಬೀಚಿಗೆ ಹೋಗುವ ಕಾರುಗಳ ಸಾಲು ಇರುತ್ತದೆ. ಪೈನ್ ಮರದ ಬೇರುಗಳು ದಾರಿಯನ್ನು ಉಬ್ಬಿಸಿರುತ್ತವೆ. ಒದ್ದೆಯಾದ ಪೈನ್ ಎಲೆಯ ಮೇಲೆ ಬ್ರೇಕ್ ಹಾಕಿದರೆ ಜಾರುವುದು ಖಂಡಿತ. ಜಿಲ್ಲಾ ಕೇಂದ್ರವಾದ ಗ್ರೊಸ್ಸೆತೊದಲ್ಲಿ ಸೈಕಲ್ ಅಂಗಡಿ ಸಿಗುತ್ತದೆ. ಇಲ್ಲಿಂದ ಮುಂದೆ ಬಿಡಿಭಾಗ ಸಿಗುವುದು ಕಷ್ಟ, ಏನೇ ದುರಸ್ತಿ ಇದ್ದರೂ ಇಲ್ಲೇ ಮುಗಿಸಿ. ಭಾನುವಾರ ಮತ್ತು ಸೋಮವಾರ ಬೆಳಿಗ್ಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ.

ನಾಲ್ಕನೆಯ ದಿನ ಎಸ್‌ಪಿ 159 ಹಿಡಿದು ಸ್ಕನ್ಸಾನೊಗೆ. ಗ್ರೊಸ್ಸೆತೊ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ, 30 ಕಿ.ಮೀ.ಯಲ್ಲಿ 500 ಮೀ. ಏರು. ಒಂದೇ ಸಮನೆ ಏರುವುದಿಲ್ಲ, ನಡುನಡುವೆ ಇಳಿಸಿ ಮತ್ತೆ ಏರಿಸುತ್ತದೆ. ಹಾಗಾಗಿ ನಿಜವಾಗಿ ಏರುವುದು ಇದಕ್ಕಿಂತ ಜಾಸ್ತಿ. ಸ್ಕನ್ಸಾನೊದಿಂದ ಸತೂರ್ನಿಯಾಕ್ಕೆ ಇನ್ನೂ 25 ಕಿ.ಮೀ.ಗಿಂತ ಹೆಚ್ಚು. ಊರಿನ ಕೆಳಗೆ ಕಸ್ಕಾತೆ ದೆಲ್ ಮುಲೀನೊ ಎಂಬಲ್ಲಿ 37.5 ಡಿಗ್ರಿ ಬಿಸಿಯ ಗಂಧಕದ ನೀರು ಸುಣ್ಣಕಲ್ಲಿನ ತೊಟ್ಟಿಗಳಲ್ಲಿ ಹರಿಯುತ್ತದೆ, ಇಳಿಯಲು ಶುಲ್ಕವಿಲ್ಲ. ಬೆಳ್ಳಿಯ ಆಭರಣ ಕಳಚಿಡಿ, ಕಪ್ಪಾಗುತ್ತದೆ. ಸೈಕಲನ್ನು ಬ್ಯಾಗು ಸಮೇತ ಮೇಲೆ ಬಿಟ್ಟು ಇಳಿಯಬೇಡಿ. ಮೊದಲು ವಸತಿಗೆ ಹೋಗಿ, ಸಾಮಾನಿಟ್ಟು ಬನ್ನಿ.

ಐದನೆಯ ದಿನ 444 ಮೀ. ಎತ್ತರದ ಮಂಚಾನೊ ದಾಟಿ ಪಿತಿಲ್ಯಾನೊಗೆ. ದೂರ 32 ಕಿ.ಮೀ. ಆಸುಪಾಸು ಅಷ್ಟೆ. ನಡುವೆ ಫಿಯೋರಾ ನದಿಯ ಕಣಿವೆಗೆ ಪೂರ್ತಿ ಇಳಿದು ಮತ್ತೆ ಏರಬೇಕು. ಬೇಗ ತಲುಪಿದರೆ ಒಳ್ಳೆಯದೇ: ಜ್ವಾಲಾಮುಖಿಯ ಮೃದು ಕಲ್ಲಿನ ಬಂಡೆಯ ಮೇಲೆ ಕುಳಿತ ಆ ಊರಿಗೆ ಅರ್ಧ ದಿನ ಕೊಡಬಹುದು. ರೋಮನ್ನರಿಗೂ ಮೊದಲು ಇಲ್ಲಿದ್ದ ಎಟ್ರುಸ್ಕನ್ ಜನರು ಸುತ್ತಲಿನ ಕಲ್ಲು ಕೊರೆದು ಮಾಡಿದ ದಾರಿಗಳು ನಡೆಯುವುದಕ್ಕೆ, ಸೈಕಲ್‌ಗಲ್ಲ.

ಕೊನೆಯ ದಿನ ಉದ್ದ, ಸುಮಾರು 80 ಕಿ.ಮೀ. ಮಂಚಾನೊಗೆ ಮರಳಿ, ಕಪಾಲ್ಬಿಯೊಗೆ ಇಳಿದು, ಅನ್ಸೆದೋನಿಯಾ ಸೇರಿ, ಅಲ್ಲಿಂದ ಫೆನೀಲ್ಯಾ ದಾರಿ: ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಪೈನ್ ಕಾಡಿನಲ್ಲಿ ಮೋಟಾರು ವಾಹನ ಬರದ ಸುಮಾರು 6 ಕಿ.ಮೀ. ಮಣ್ಣಿನ ದಾರಿ. ಅದು ಮುಗಿದ ಮೇಲೆ ಹಿನ್ನೀರಿನ ನಡುವಿನ ಕಟ್ಟೆ ರಸ್ತೆಯಲ್ಲಿ ಒರ್ಬೆತೆಲ್ಲೊ. ಒಂದು ದಿನ ಹೆಚ್ಚಿದ್ದರೆ ಬ್ಯಾಗು ಕಳಚಿಟ್ಟು ಅರ್ಜೆಂತಾರಿಯೊ ಗುಡ್ಡವನ್ನು ಸುತ್ತಬಹುದು. ಅಲ್ಲಿನ ಏರುಗಳು ಬಲು ಕಡಿದು, ರಸ್ತೆಯ ಒಂದು ಭಾಗ ಕಚ್ಚಾ. ಹೊರೆ ಹೊತ್ತು ಹೋಗುವ ಜಾಗವಲ್ಲ.

ರಸ್ತೆಯಲ್ಲಿ

ಔರೇಲಿಯಾ ಎಂಬ ಎಸ್‌ಎಸ್ 1 ಹೆದ್ದಾರಿಯಿಂದ ದೂರವಿರಿ. ರೊಸಿನ್ಯಾನೊದಿಂದ ಗ್ರೊಸ್ಸೆತೊವರೆಗಿನ ನಾಲ್ಕು ಪಥದ ಭಾಗಕ್ಕೆ ಸೈಕಲ್ ಪ್ರವೇಶವೇ ಇಲ್ಲ. ಕೆಂಪು ವೃತ್ತದೊಳಗೆ ಸೈಕಲ್ ಚಿತ್ರವಿರುವ ಫಲಕ ಕಂಡರೆ ಹಿಂದಿರುಗಲೇಬೇಕು. ಗ್ರೊಸ್ಸೆತೊದ ದಕ್ಷಿಣಕ್ಕೂ ಅದರ ಮೇಲೆ ವೇಗದ ಲಾರಿ, ಕಾರುಗಳು. ಕಪಾಲ್ಬಿಯೊದಿಂದ ಅನ್ಸೆದೋನಿಯಾವರೆಗೆ ಅದರ ಪಕ್ಕದ ಸಣ್ಣ ರಸ್ತೆಗಳನ್ನು ಮನೆಯಲ್ಲೇ ಕುಳಿತು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಆ ದಿನ ಸ್ಥಳದಲ್ಲೇ ಹುಡುಕಲು ಹೊರಟರೆ ಆ್ಯಪ್ ನಿಮ್ಮನ್ನು ಹೆದ್ದಾರಿಗೇ ಹತ್ತಿಸಬಹುದು. ಆ್ಯಪ್‌ಗಳ ಇನ್ನೊಂದು ಚಾಳಿ, ಹತ್ತಿರದ ದಾರಿಯೆಂದು ತೋಟದೊಳಗೆ ಕಳಿಸುವುದು. ಕೊನೆಯಲ್ಲಿ ಬೀಗ ಹಾಕಿದ ಗೇಟು, ಅದರ ಮೇಲೆ ಖಾಸಗಿ ಆಸ್ತಿ ಎಂಬ ‘ಪ್ರೊಪ್ರಿಯೆತಾ ಪ್ರಿವಾತಾ’ ಫಲಕ. ಮಳೆಯ ಮರುದಿನ ಇಂಥ ಮಣ್ಣಿನ ದಾರಿಗೆ ಇಳಿದರೆ ಜೇಡಿಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಒಂದು ದಿನ ಒಣಗಲು ಬಿಡಿ, ಇಲ್ಲವೇ ಡಾಂಬರಿನಲ್ಲೇ ಸುತ್ತಿ ಹೋಗಿ.

ವಾಹನ ಬಲಕ್ಕೆ ಎಂಬುದು ಸಾಗುತ್ತಿರುವಾಗ ನೆನಪಿರುತ್ತದೆ. ಮರೆಯುವುದು ಕಾಫಿ ಕುಡಿದು ಖಾಲಿ ರಸ್ತೆಗೆ ಮರಳಿದ ಕ್ಷಣದಲ್ಲಿ. ವೃತ್ತಗಳಲ್ಲಿ ಅಪ್ರದಕ್ಷಿಣವಾಗಿ ಸಾಗಬೇಕು, ವೃತ್ತದೊಳಗೆ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಕನ್ನಡಿಯನ್ನು ಎಡ ಹಿಡಿಕೆಗೆ ಕಟ್ಟಿ. ಊರ ಹೊರಗೆ ಒಬ್ಬರ ಹಿಂದೊಬ್ಬರು ಸಾಗುವುದು ಕಾನೂನು. ಸೈಕಲ್‌ಗೆ ಬೆಲ್ ಕಡ್ಡಾಯ. ಊರ ಹೊರಗೆ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ, ಮತ್ತು ಸುರಂಗಗಳಲ್ಲಿ ಯಾವಾಗಲೂ, ಹೊಳೆಯುವ ಜಾಕೆಟ್ ತೊಡಲೇಬೇಕು. ಹೆಲ್ಮೆಟ್ ಕಡ್ಡಾಯವಲ್ಲ, ಆದರೆ ಈ ಇಳಿಜಾರುಗಳಲ್ಲಿ ಅದಿಲ್ಲದೆ ಹೋಗುವುದು ಹುಚ್ಚುತನ. ದ್ರಾಕ್ಷಾರಸದ ಸೀಮೆಯಿದು, ಮದ್ಯ ಸೇವಿಸಿ ಓಡಿಸುವವರ ಮೇಲಿನ ಕಾನೂನು ಸೈಕಲ್‌ನವರಿಗೂ ಅನ್ವಯಿಸುತ್ತದೆ, ಆದ್ದರಿಂದ ರುಚಿ ನೋಡುವುದು ಸೈಕಲ್ ನಿಲ್ಲಿಸಿದ ಮೇಲೆ.

ಕುರಿಮಂದೆ ಕಂಡರೆ ನಿಧಾನಿಸಿ. ಕಾಯುವ ಬಿಳಿ ಮರೆಮ್ಮಾನೊ ನಾಯಿಗಳು ಓಡಿ ಬರುತ್ತವೆ, ವೇಗ ಹೆಚ್ಚಿಸಿದಷ್ಟೂ ಬೆನ್ನಟ್ಟುತ್ತವೆ. ಇಳಿದು, ಸೈಕಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು, ಕಣ್ಣಲ್ಲಿ ಕಣ್ಣಿಡದೆ ನಡೆದುಹೋಗಿ. ಮಂದೆಯ ಮಧ್ಯೆ ಮಾತ್ರ ನುಗ್ಗಬೇಡಿ.

ನೀರು, ಊಟ, ವಸತಿ

ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಊರ ಚೌಕಗಳ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು. ‘ನೊನ್ ಪೊತಾಬಿಲೆ’ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಸಣ್ಣ ಊರುಗಳ ದಿನಸಿ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕರ ಮೇಲೆ ತೆರೆಯುತ್ತವೆ, ಹೋಟೆಲಿನಲ್ಲಿ ಊಟ ಎರಡೂವರೆಗೆ ಮುಗಿದುಹೋಗುತ್ತದೆ. ಹನ್ನೆರಡರೊಳಗೆ ಬ್ರೆಡ್, ಚೀಸ್, ಹಣ್ಣು ಬ್ಯಾಗಿಗೆ ಸೇರಿಸಿಕೊಂಡರೆ ಚಿಂತೆಯಿಲ್ಲ. ಸಸ್ಯಾಹಾರಿಗಳಿಗೆ ಇಲ್ಲಿನ ಅಕ್ವಾಕೊತ್ತಾ ಸೂಪ್ ಹೊಂದುತ್ತದೆ. ಮೊಟ್ಟೆ ಬೀಳುವುದು ರೂಢಿ, ಬೇಡವಾದರೆ ಮೊದಲೇ ಹೇಳಿ. ಪಾಲಕ್, ರಿಕೊತ್ತಾ ಎಂಬ ಮೆದು ಚೀಸ್ ತುಂಬಿದ ತೊರ್ತೆಲ್ಲಿ ಪಾಸ್ತಾದ ಮೇಲೆ ಮಾಂಸದ ಸಾಸ್ ಸುರಿಯುವುದು ಸಾಮಾನ್ಯ, ಅದರ ಬದಲು ‘ಬುರ್ರೊ ಎ ಸಾಲ್ವಿಯಾ’ ಕೇಳಿದರೆ ಬೆಣ್ಣೆ, ಸೇಜ್ ಎಲೆ ಹಾಕಿ ಕೊಡುತ್ತಾರೆ.

ತಂಗಲು ಅಗ್ರಿತುರಿಸ್ಮೊ ಎನ್ನುವ ತೋಟದ ಮನೆಗಳು ಚೆನ್ನ. ಕಾಯ್ದಿರಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಕೊನೆಯ ದಾರಿ ಡಾಂಬರೋ ಜಲ್ಲಿಯೋ, ರಾತ್ರಿ ಊಟ ಇದೆಯೋ ಇಲ್ಲವೋ. ಊಟವಿಲ್ಲದ ಮನೆಯಿಂದ ಕತ್ತಲಲ್ಲಿ ಗುಡ್ಡ ಹತ್ತಿ ಊರಿಗೆ ಹೋಗಬೇಕಾದ ಫಜೀತಿ ತಪ್ಪುತ್ತದೆ. ಎಲ್ಲೆಡೆ ಪಾಸ್‌ಪೋರ್ಟ್ ಕೇಳುತ್ತಾರೆ. ಅನೇಕ ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆ ಬೇರೆ.

ಮರಳುವ ರೈಲು

ಒರ್ಬೆತೆಲ್ಲೊ ನಿಲ್ದಾಣ ಹಳೆಯ ಊರಿನಲ್ಲಿಲ್ಲ, ಮೂರು-ನಾಲ್ಕು ಕಿ.ಮೀ. ಆಚೆಯ ಒರ್ಬೆತೆಲ್ಲೊ ಸ್ಕಾಲೊದಲ್ಲಿದೆ. ವೇಳಾಪಟ್ಟಿಯಲ್ಲಿ ಸೈಕಲ್ ಚಿಹ್ನೆಯಿರುವ ಪ್ರಾದೇಶಿಕ ರೈಲನ್ನೇ ಆರಿಸಿ. ಸೈಕಲ್‌ಗೆ ನಿಮ್ಮ ಟಿಕೆಟ್‌ನ ಮೇಲೆ 3.50 ಯೂರೊ ಹೆಚ್ಚುವರಿ. ದೂರ ಕಡಿಮೆಯಿದ್ದರೆ ಅದೇ ಮಾರ್ಗದ ಇನ್ನೊಂದು ಎರಡನೇ ದರ್ಜೆ ಟಿಕೆಟ್ ಕೊಂಡರೂ ನಡೆಯುತ್ತದೆ. ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಫೋನಿನ ಟಿಕೆಟ್‌ಗೆ ಚೆಕ್-ಇನ್ ಮಾಡಬೇಕು. ಸೈಕಲ್ ಜಾಗ ಕೆಲವೇ ಕೆಲವು. ಭಾನುವಾರ ಸಂಜೆಯ ರೈಲಿನಲ್ಲಿ ತುಂಬಿಹೋಗಿದ್ದರೆ ಹತ್ತಲು ಬಿಡದಿರಬಹುದು, ವಿಮಾನ ಹಿಡಿಯುವವರು ಒಂದು ರೈಲು ಮುಂಚೆಯೇ ಹೊರಡಿ. ಸೈಕಲ್ ಬೋಗಿ ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು. ಪ್ಲಾಟ್‌ಫಾರ್ಮಿನ ನಡುವೆ ನಿಂತು, ಬ್ಯಾಗುಗಳನ್ನು ಮೊದಲೇ ಕಳಚಿಟ್ಟುಕೊಂಡು, ರೈಲು ಒಳಬರುವಾಗ ಬಾಗಿಲ ಪಕ್ಕದ ಸೈಕಲ್ ಚಿತ್ರ ಎಲ್ಲಿದೆ ನೋಡಿ ಅತ್ತ ಓಡಿ.